ತಂಪಾದ, ಒಣಗಿದ ಜಾಗ

ಕೆರೆಕಟ್ಟೆಯ ಗಿರಿಯಮ್ಮನ ಬಗ್ಗೆ ಯಾರನ್ನು ಕೇಳಿದರೂ ಮೊದಲು ಹೇಳುವುದು ಅವಳ ಬಾಯಿಯ ವಿಚಾರ, ಆಮೇಲೆ ಅವಳ ಅಟ್ಟದ ವಿಚಾರ. ಬಾಯಿ ಜೋರು, ಅದರಲ್ಲಿ ಅನುಮಾನವಿಲ್ಲ. ಮೇಗುಂದದಿಂದ ಮದುವೆಯಾಗಿ ಬಂದ ವರ್ಷವೇ ಮಾವನಿಗೆ ಎದುರು ಮಾತಾಡಿದವಳು ಅವಳು. ಆ ಮಾವ ಅದನ್ನು ಹೆಮ್ಮೆಯಿಂದ ಊರೆಲ್ಲ ಹೇಳಿಕೊಂಡು ತಿರುಗಿದನಂತೆ. ಆದರೆ ಅಟ್ಟದ ಕೀರ್ತಿ ಬಾಯಿಗಿಂತಲೂ ದೊಡ್ಡದು.

ಅದು ಉಪ್ಪಾಗೆ ಒಣಗಿಸುವ ಅಟ್ಟ. ಉಪ್ಪಾಗೆ ಎಂದರೆ ಕಾಡಂಚಿನ ಮರದ ಹುಳಿಹಣ್ಣು. ಬುದ್ಧಿಯಿಲ್ಲದ ಮರ, ಬೇಸಿಗೆಯೆಲ್ಲ ಸುಮ್ಮನಿದ್ದು ಮಳೆ ಹಿಡಿದ ಮೇಲೆ ಹಣ್ಣು ಉದುರಿಸುತ್ತದೆ. ಬಿಸಿಲಿಗೆ ಹಾಕುವ ಮಾತೇ ಇಲ್ಲದ್ದರಿಂದ ಮನೆಯ ಹಿಂದೆ ಒಂದು ಮಾಡು ಇಳಿಸಿ, ನೆಲದಲ್ಲಿ ಉದ್ದಕ್ಕೆ ಬೆಂಕಿ ಹಾಕಿ, ಅದರ ಮೇಲೆ ಬಿದಿರಿನ ತಟ್ಟಿ ಹಾಸಿ ಸಿಪ್ಪೆಯನ್ನು ಶಾಖಕ್ಕೆ ಒಣಗಿಸಬೇಕು. ಬೆಂಕಿ ಹೆಚ್ಚಾದರೆ ಕರಕಲು, ಕಡಿಮೆಯಾದರೆ ಬೂಷ್ಟು. ಗಿರಿಯಮ್ಮ ಒಣಗಿಸಿದ ಸಿಪ್ಪೆಯನ್ನು ನರಸಿಂಹರಾಜಪುರದ ವ್ಯಾಪಾರಿ ಮೂಸಿ ಸಹ ನೋಡುತ್ತಿರಲಿಲ್ಲ, ನೇರ ತಕ್ಕಡಿಗೆ ಹಾಕಿಸುತ್ತಿದ್ದ.

ಮಳೆಗಾಲ ಪೂರ್ತಿ ಆರದ ಬೆಂಕಿ ಒಂದು ಮನೆಯಲ್ಲಿದೆ ಎಂದ ಮೇಲೆ ಊರಿನವರು ಬಿಡುತ್ತಾರೆಯೇ. ಸೌತೆ ಬೀಜ, ಹೀರೆ ಬೀಜ, ಚೆಂಡೆಗೆ ಹೊದಿಸುವ ಚರ್ಮ, ಯಾರದೋ ಮದುವೆಯ ರೇಷ್ಮೆ ಸೀರೆ, ನೀರಿಗೆ ಬಿದ್ದ ಮೊಬೈಲು, ಎಲ್ಲವೂ ಆ ಅಟ್ಟದ ಮೂಲೆಗೆ ಬಂದು ಸೇರುತ್ತಿದ್ದವು. ಬೆಂಕಿಗೆ ಯಾವುದು ಹತ್ತಿರ, ಯಾವುದು ದೂರ ಎಂದು ಗಿರಿಯಮ್ಮ ಜಾಗ ಹಂಚುತ್ತಿದ್ದಳು. ತನ್ನ ಕೈಗೆ ಬಂದದ್ದು ಯಾವುದೂ ಹಾಳಾಗಿಲ್ಲ ಎಂಬ ಜಂಬ ಅವಳಿಗಿತ್ತು, ಮತ್ತು ಆ ಜಂಬ ಸುಳ್ಳೂ ಆಗಿರಲಿಲ್ಲ. ಮಗಳು ಅರ್ಪಿತಾ ಕೊಪ್ಪದ ಶಾಲೆಯೊಂದರಲ್ಲಿ ಟೀಚರು. ಅವಳು ಮೊದಲ ಕೆಲವು ತಿಂಗಳ ಸಂಬಳ ಕೂಡಿಹಾಕಿ ಫ್ರಿಜ್ಜು ತಂದುಕೊಟ್ಟಳು. ಮಳೆಗಾಲದಲ್ಲಿ ಕರೆಂಟು ಹೋದರೆ ವಾರ ಕಳೆದರೂ ಬಾರದ ಊರಿನಲ್ಲಿ ಅದರಿಂದ ಏನು ಪ್ರಯೋಜನ. ಗಿರಿಯಮ್ಮ ಅದರೊಳಗೆ ಕಂಬಳಿ ಇಟ್ಟಳು.

ಇಂಥವಳಿಗೆ ಎದೆಯಲ್ಲಿ ಗಂಟು ಸಿಕ್ಕಿದ್ದು ಸ್ನಾನ ಮಾಡುವಾಗ, ಉಪ್ಪಾಗೆಯ ಸುಗ್ಗಿಯ ನಡುವೆ. ಸುಗ್ಗಿ ಮುಗಿಯಲಿ ಎಂದು ಬಾಯಿ ಮುಚ್ಚಿಕೊಂಡಳು. ಜೀವಮಾನದಲ್ಲಿ ಅವಳು ಬಾಯಿ ಮುಚ್ಚಿಕೊಂಡದ್ದು ಅದೊಂದೇ ಸಲ, ಅದೂ ಮುಚ್ಚಿಕೊಳ್ಳಬಾರದ ಹೊತ್ತಿನಲ್ಲಿ. ಗಂಡ ಬೈರಪ್ಪನಿಗೆ ಗೊತ್ತಾಗುವ ವೇಳೆಗೆ ಗಂಟು ನೆಲ್ಲಿಕಾಯಿ ಗಾತ್ರವಾಗಿತ್ತು. ಶಿವಮೊಗ್ಗದಲ್ಲಿ ಸೂಜಿ ಹಾಕಿ ಪರೀಕ್ಷೆ ಮಾಡಿದರು, ಕಿಮೋ ಕೊಟ್ಟರು, ಆಮೇಲೆ ಆಪರೇಷನ್ನು. ಕೂದಲು ಉದುರಿ ತಲೆ ಬೋಳಾದಾಗ ಬೈರಪ್ಪನ ಉಣ್ಣೆ ಟೊಪ್ಪಿ ಹಾಕಿಕೊಂಡು ಶೃಂಗೇರಿ ಸಂತೆಗೆ ಹೋಗಿ ಬಂದಳು. ಕೇಳಿದವರಿಗೆಲ್ಲ ಚಳಿ ಅಂದಳು. ಏಪ್ರಿಲ್ ತಿಂಗಳದು.

ಒಂದೂವರೆ ವರ್ಷ ಎಲ್ಲ ಸರಿಯಿತ್ತು. ಆಮೇಲೆ ಒಂದು ದಿನ ಕುತ್ತಿಗೆಯ ಬುಡದಲ್ಲಿ, ಎಡಗಡೆಯ ಎಲುಬಿನ ಮೇಲೆ, ಹಲಸಿನ ಬೀಜದಷ್ಟು ಗಟ್ಟಿಯಾದದ್ದು ಬೆರಳಿಗೆ ಸಿಕ್ಕಿತು. ಈ ಸಲ ಅವಳು ಸುಗ್ಗಿಗೆ ಕಾಯಲಿಲ್ಲ. ಅರ್ಪಿತಾ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ವಿಚಾರಿಸಿ, ಮಾಲತಿ ಎಂಬ ಕ್ಯಾನ್ಸರ್ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಮಾಲತಿ ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. ಸ್ಕ್ಯಾನ್ ನೋಡಿ, ಕಾಯಿಲೆ ಮತ್ತೆ ಬಂದಿದೆ, ಕುತ್ತಿಗೆಯಲ್ಲಿದೆ, ಶ್ವಾಸಕೋಶದಲ್ಲೂ ಸ್ವಲ್ಪ ಇದೆ ಎಂದು ಹೇಳಿದರು.

"ಹಂಗಾರೆ ಮುಗೀತಾ?" ಎಂದಳು ಗಿರಿಯಮ್ಮ.

"ಮುಗಿದಿದ್ದರೆ ನಿಮ್ಮನ್ನು ಇಷ್ಟು ದೂರ ಯಾಕೆ ಕರೆಸಿಕೊಳ್ಳುತ್ತಿದ್ದೆ," ಎಂದರು ಡಾಕ್ಟರು.

ಸ್ತನ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಔಷಧಿಗೆ ಹಿಡಿದುಕೊಳ್ಳಲು ಸಿಗುವ ಗುರುತುಗಳು ಮೂರು ಇರುತ್ತವಂತೆ. ಗಿರಿಯಮ್ಮನದರಲ್ಲಿ ಮೂರೂ ಇಲ್ಲ. ಅದಕ್ಕೆ ಟ್ರಿಪಲ್ ನೆಗೆಟಿವ್ ಎನ್ನುತ್ತಾರೆ, ಅದು ಬೆಳೆಯುವುದೂ ಬೇಗ. ಆದರೆ ಈಗ ಇಮ್ಯುನೋಥೆರಪಿ ಎಂಬ ದಾರಿ ಬಂದಿದೆ. ಅದು ಕ್ಯಾನ್ಸರನ್ನು ತಾನು ಕೊಲ್ಲುವುದಿಲ್ಲ, ಮೈಯೊಳಗೆ ಇರುವ ಕಾವಲನ್ನೇ ಎಬ್ಬಿಸುತ್ತದೆ. "ನಿಮ್ಮ ಮನೇಲಿ ನಾಯಿ ಇದೆಯಾ?" ಎಂದು ಕೇಳಿದರು ಡಾಕ್ಟರು. "ಕಳ್ಳ ಬಂದವನು ನಾಯಿಗೆ ಒಂದು ತುಂಡು ಮೀನು ಎಸೆದು ಸುಮ್ಮನಾಗಿಸುತ್ತಾನಲ್ಲ, ಕೆಲವು ಕ್ಯಾನ್ಸರು ಹಾಗೆ ಮಾಡ್ತವೆ. ಈ ಔಷಧಿ ಆ ಮೀನನ್ನು ಕಿತ್ತುಕೊಳ್ಳುತ್ತೆ. ನಾಯಿ ಬೊಗಳೋಕೆ ಶುರು ಮಾಡುತ್ತೆ."

"ಹಂಗಾರೆ ನಾಯಿದೆಂತೂ ತಪ್ಪಿಲ್ಲ," ಎಂದಳು ಗಿರಿಯಮ್ಮ. ಇಷ್ಟು ಹೊತ್ತು ಅವಳಿಗೆ ಬೇಸರವಾಗಿದ್ದದ್ದು ತನ್ನ ಮೈ ತನಗೆ ಮೋಸ ಮಾಡಿತಲ್ಲ ಎಂದು.

ಆದರೆ ಎಲ್ಲರ ಕ್ಯಾನ್ಸರೂ ಈ ಆಟ ಆಡುವುದಿಲ್ಲ. ಆಡುತ್ತದೋ ಇಲ್ಲವೋ ಎಂದು ನೋಡಲು ಗಡ್ಡೆಯ ಮಾಂಸದ ಮೇಲೆ ಪಿಡಿ-ಎಲ್ ಒನ್ ಎಂಬ ಪರೀಕ್ಷೆ ಮಾಡಬೇಕು. ಆ ಗುರುತು ಸಾಕಷ್ಟು ಇದ್ದರೆ ಕಿಮೋ ಜೊತೆಗೆ ಈ ಔಷಧಿ ಕೊಡಬಹುದು, ಕಾಯಿಲೆಯನ್ನು ಹೆಚ್ಚು ಕಾಲ ಹಿಡಿದಿಡುವ ಸಾಧ್ಯತೆ ಇದೆ. ಇಲ್ಲದಿದ್ದರೆ ಕೊಟ್ಟೂ ಪ್ರಯೋಜನವಿಲ್ಲ, ಬರೀ ಕಿಮೋ. ಕುತ್ತಿಗೆಯ ಗಂಟಿನಿಂದ ಸೂಜಿಯಲ್ಲಿ ಒಂದು ಎಳೆ ತೆಗೆದು ನೋಡೋಣ ಎಂದರು ಡಾಕ್ಟರು.

ಅಲ್ಲಿ ಗಿರಿಯಮ್ಮ ಕೈಯೆತ್ತಿದಳು. ಸೂಜಿ ಮಾತ್ರ ಬೇಡ. ಅವಳ ಗೆಳತಿ, ಪಕ್ಕದ ಮನೆಯ ಸುಬ್ಬಮ್ಮ, ಮೊದಲೇ ಎಚ್ಚರಿಸಿದ್ದಳು: ಹೋದ ಸಲ ಚುಚ್ಚಿದ್ದಕ್ಕೇ ಅದು ಕುತ್ತಿಗೆಗೆ ಹೋಗಿದ್ದು, ಮತ್ತೆ ಚುಚ್ಚಿದರೆ ತಲೆಗೆ ಹೋಗುತ್ತದೆ. ಹಾಗೇನೂ ಆಗುವುದಿಲ್ಲ ಎಂದು ಡಾಕ್ಟರು ಎಷ್ಟು ಹೇಳಿದರೂ ಅವಳು ಜಗ್ಗಲಿಲ್ಲ. ಕೊನೆಗೆ ಡಾಕ್ಟರು, ಹಾಗಾದರೆ ಶಿವಮೊಗ್ಗದ ಲ್ಯಾಬಿನಲ್ಲಿ ಹಳೆಯ ಮಾಂಸವನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ, ಆ ಬ್ಲಾಕನ್ನಾದರೂ ತನ್ನಿ, ಅದರಲ್ಲೇ ನೋಡೋಣ ಎಂದರು. ತಡ ಮಾಡಬೇಡಿ ಎಂದೂ ಸೇರಿಸಿದರು.

ಬೈರಪ್ಪ ಶಿವಮೊಗ್ಗಕ್ಕೆ ಹೋಗಿ ತಂದ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಎಂದು ಬಸ್ಸು ಬದಲಿಸುತ್ತಾ, ಜೇಬಿನ ಮೇಲೆ ಕೈಯಿಟ್ಟುಕೊಂಡೇ ಬಂದ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಚೌಕಟ್ಟು, ಅದರ ತುಂಬ ಬಿಳಿ ಮೇಣ, ಮೇಣದ ನಡುವೆ ಉಗುರಿನಗಲ ಕಂದು ಬಣ್ಣದ ಮಾಂಸ. ಆಪರೇಷನ್ನಿಗೆ ಮೊದಲೇ ಕಿಮೋ ಕೊಟ್ಟು ಗಡ್ಡೆ ಕರಗಿಸಿದ್ದರಿಂದ ಪರೀಕ್ಷೆಗೆ ಸಾಲುವಷ್ಟು ಉಳಿದಿದ್ದದ್ದು ಅದೊಂದೇ ತುಂಡಿನಲ್ಲಂತೆ.

"ತಂಪಾದ, ಒಣಗಿದ ಜಾಗದಲ್ಲಿ ಇಡ್ಬೇಕಂತೆ. ಲ್ಯಾಬಿನವರು ಎರಡೆರಡು ಸಲ ಹೇಳಿದಾರೆ," ಎಂದ ಬೈರಪ್ಪ.

ಶಿವಮೊಗ್ಗದಲ್ಲಿ ಕೂತವರಿಗೆ ಹೇಳುವುದು ಸುಲಭ. ಜುಲೈ ತಿಂಗಳ ಕೆರೆಕಟ್ಟೆಯಲ್ಲಿ ತಂಪು ಇದ್ದಲ್ಲಿ ಒಣ ಇರುವುದಿಲ್ಲ, ಒಣ ಇದ್ದಲ್ಲಿ ತಂಪು ಇರುವುದಿಲ್ಲ. ದೇವರ ಕೋಣೆಯ ಗೋಡೆಯೇ ಬೆವರುತ್ತದೆ. ಕಪಾಟಿನಲ್ಲಿಟ್ಟ ಚಪ್ಪಲಿಗೆ ಮೂರು ದಿನಕ್ಕೆ ಹಸಿರು ಮೀಸೆ ಬರುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಮತ್ತು ಈ ಸೀಮೆಯಲ್ಲಿ ಹುಟ್ಟಿದವರು ಯಾವುದನ್ನು ಆರಿಸುತ್ತಾರೆ ಎಂದು ಬೇರೆ ಹೇಳಬೇಕಾಗಿಲ್ಲ. ಆಸ್ಪತ್ರೆಗೆ ಹೋಗುವುದು ಬುಧವಾರ. ಅಲ್ಲಿಯವರೆಗೆ ಮಾಂಸಕ್ಕೆ ಬೂಷ್ಟು ಹಿಡಿದರೆ?

"ಅಟ್ಟಕ್ಕಾ? ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಾಣ ಇರು," ಎಂದ ಬೈರಪ್ಪ.

"ನನ್ನ ಮೈಯಿಂದ ತೆಗ್ದಿದ್ದು. ಅದನ್ನ ಎಲ್ಲಿಡ್ಬೇಕು ಅಂತ ನನಗೆ ಗೊತ್ತಿಲ್ವಾ?" ಎಂದಳು ಗಿರಿಯಮ್ಮ. ಹಳೆಯ ಪಂಚೆಯ ಚೂರಿನಲ್ಲಿ ಸುತ್ತಿ, ಬೀಜಗಳಿಗಿಂತ ಒಳ್ಳೆಯ ಜಾಗ ನೋಡಿ, ಬೆಂಕಿಗೆ ಚೆನ್ನಾಗಿ ಹತ್ತಿರ ಇಟ್ಟಳು. ಪ್ರೀತಿಯಿಂದಲೇ ಇಟ್ಟಳು.

ಬುಧವಾರ ಬೆಳಿಗ್ಗೆ ಇಳಿಸಿದಾಗ ಬಟ್ಟೆ ಜಿಡ್ಡು ಹಿಡಿದು ಬಿರುಸಾಗಿತ್ತು. ಬಿಚ್ಚಿದರೆ ಚೌಕಟ್ಟು ಸೊಟ್ಟಗಾಗಿ, ಮೇಣವೆಲ್ಲ ಇಳಿದುಹೋಗಿ, ನಡುವಿನ ಮಾಂಸ ಒಣಗಿ ಕಪ್ಪಾದ ಸಿಪ್ಪೆಯಂತೆ ಒಂದು ಮೂಲೆಗೆ ಅಂಟಿಕೊಂಡಿತ್ತು. ಅದು ಉಪ್ಪಾಗೆಯಾಗಿದ್ದರೆ ಬಹಳ ಚೆನ್ನಾಗಿ ಒಣಗಿದೆ ಎನ್ನಬಹುದಿತ್ತು.

ಗಿರಿಯಮ್ಮ ಅಲ್ಲೇ ನೆಲಕ್ಕೆ ಕೂತಳು. ಊರಿನವರ ಬೀಜ, ಊರಿನವರ ಸೀರೆ, ಊರಿನವರ ಚೆಂಡೆ ಎಲ್ಲ ಕಾಪಾಡಿ, ತನ್ನದೆಂದು ಇದ್ದ ಒಂದೇ ತುಂಡನ್ನು ಕರಗಿಸಿ ಕೂತಿದ್ದಳು. ಬೈರಪ್ಪ ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವನು ಬೈಯಲಿಲ್ಲ, ಒಳಗಿನಿಂದ ಒಂದು ಸ್ಟೀಲಿನ ಡಬ್ಬಿ ತಂದು, ಉಳಿದದ್ದನ್ನು ಬಟ್ಟೆ ಸಮೇತ ಅದರೊಳಗಿಟ್ಟು, ಬಸ್ಸಿಗೆ ಹೊತ್ತಾತು ಎಂದ. ಅವಳಿಗೆ ಜೋರಾಗಿ ಅಳು ಬಂತು. ಕಾಯಿಲೆ ಮತ್ತೆ ಬಂದಿದೆ ಎಂದಾಗಲೂ ಬಾರದ ಅಳು.

ಅರ್ಪಿತಾ ನೇರ ಆಸ್ಪತ್ರೆಗೇ ಬಂದಿದ್ದಳು. ಡಬ್ಬಿ ತೆರೆದು ನೋಡಿ ಅವಳ ಮುಖ ಬಿಳಚಿಕೊಂಡಿತು. ಆದರೂ ತಾಯಿಯ ಮಾನ ಉಳಿಸಬೇಕೆಂದು ಮಾಲತಿ ಡಾಕ್ಟರ ಮುಂದೆ, "ಬಸ್ಸಲ್ಲಿ ಇಂಜಿನ್ ಪಕ್ಕ ಕೂತಿದ್ರಂತೆ, ಬಿಸಿಗೆ ಹೀಗಾಗಿರಬೇಕು," ಎಂದು ಶುರುಮಾಡಿದಳು.

"ಬಸ್ಸಲ್ಲ," ಎಂದಳು ಗಿರಿಯಮ್ಮ. "ನಾನೇ ಹುಳಿ ಜೊತೆ ಹಾಕಿ ಒಣಗಿಸ್ದೆ. ಬೂಷ್ಟು ಹಿಡೀತದೆ ಅಂತ."

ಡಾಕ್ಟರು ಡಬ್ಬಿಯನ್ನು ಹತ್ತಿರಕ್ಕೆಳೆದು ಒಳಗೆ ನೋಡಿದರು. ಅವರ ತುಟಿಯ ತುದಿಯಲ್ಲಿ ನಗು ಬಂದು ಹೋದದ್ದನ್ನು ಗಿರಿಯಮ್ಮ ಗಮನಿಸಿದಳು, ಗಮನಿಸಿ ಸ್ವಲ್ಪ ಸಮಾಧಾನವೂ ಆಯಿತು. ಡಾಕ್ಟರು ಲ್ಯಾಬಿಗೆ ಫೋನ್ ಮಾಡಿ ವಿಚಾರಿಸಿದರು. ಮತ್ತೆ ಮೇಣ ಹಾಕಿ ಕೂರಿಸಬಹುದು, ಪರೀಕ್ಷೆಯನ್ನೂ ಮಾಡಬಹುದು, ಆದರೆ ಅಷ್ಟು ಶಾಖ ತಿಂದ ಮಾಂಸದ ಉತ್ತರವನ್ನು ನಂಬಲು ಬರುವುದಿಲ್ಲ ಎಂದರಂತೆ.

"ಗುರುತು ಇಲ್ಲ ಅಂತ ಬಂತು ಅಂತಿಟ್ಟುಕೊಳ್ಳಿ," ಎಂದರು ಡಾಕ್ಟರು. "ಅದು ನಿಮ್ಮ ಕಾಯಿಲೆ ಕೊಟ್ಟ ಉತ್ತರವೋ ನಿಮ್ಮ ಒಲೆ ಕೊಟ್ಟ ಉತ್ತರವೋ ಗೊತ್ತಾಗೋದಿಲ್ಲ. ಆ ಮಾತಿನ ಮೇಲೆ ಒಂದು ಔಷಧಿಯನ್ನು ಬಿಟ್ಟುಬಿಡೋಕೆ ನನಗೆ ಮನಸ್ಸಿಲ್ಲ. ನಿಮಗೆ ಇದೆಯಾ?"

ಇನ್ನು ಉಳಿದದ್ದು ಸೂಜಿ. ಗಿರಿಯಮ್ಮ ಕುತ್ತಿಗೆಯ ಬುಡಕ್ಕೆ ಕೈಯಿಟ್ಟು ಕೂತಿದ್ದಳು. ಸುಬ್ಬಮ್ಮ ಹೇಳಿದ್ದು ಕಿವಿಯಲ್ಲಿತ್ತು. ಹೆದರಿಕೆಯೂ ಇತ್ತು, ಸುಳ್ಳು ಯಾಕೆ ಹೇಳಬೇಕು. ಆದರೆ ಉತ್ತರ ಹೇಳಬಹುದಾಗಿದ್ದ ಒಂದು ತುಂಡನ್ನು ತನ್ನ ಕೈಯಾರೆ ಸುಟ್ಟದ್ದಾಯಿತು. ಈಗ ಬೇಡ ಎಂದರೆ ಎರಡನೆಯದನ್ನೂ ಸುಟ್ಟಂತೆ. ತನಗೆ ಎಲ್ಲ ಗೊತ್ತು ಎಂದು ಹೊರಟದ್ದರ ಫಲವನ್ನು ಅವಳು ಆಗಲೇ ಡಬ್ಬಿಯಲ್ಲಿ ಹೊತ್ತು ತಂದಿದ್ದಳು.

"ಸೂಜಿ ಚುಚ್ಚಿದ್ರೆ ಅದು ತಲೆಗೆ ಹೋಗೂದಿಲ್ಲ ಅಂತ ನೀವು ಹೇಳಿದ್ದು ಖರೆಯಾ?"

"ಖರೆ."

"ಹಂಗಾರೆ ಇವತ್ತೇ ಮಾಡಿ. ಮನಿಗೆ ಹೋದ್ರೆ ನಾನು ಮತ್ತೆ ಬರೂಕಿಲ್ಲ. ನನ್ನ ಬುದ್ಧಿ ನನಗೆ ಗೊತ್ತು."

ಅದೇ ದಿನ ಮಾಡಿದರು. ಮರಗಟ್ಟಲು ಮೊದಲೊಂದು ಇಂಜೆಕ್ಷನ್ನು, ಆಮೇಲೆ ಸ್ಟೇಪ್ಲರ್ ಒತ್ತಿದಂಥ ಸದ್ದು. ಅಷ್ಟೇ. ಹೊರಗೆ ಬಂದವಳು, ಇದಕ್ಕೆ ಇಷ್ಟು ರಂಪ ಮಾಡಿದೆನಾ ಎಂದು ಬೈರಪ್ಪನನ್ನೇ ಗದರಿದಳು. ಬೈರಪ್ಪನಿಗೆ ಅದು ಕೇಳಿ ಎಷ್ಟೋ ದಿನದ ಮೇಲೆ ಹಸಿವಾಯಿತು.

ವರದಿಗೆ ಕಾಯುವ ದಿನಗಳಲ್ಲಿ ಗಿರಿಯಮ್ಮನ ಬಾಯಿ ಅರ್ಧ ಕಡಿಮೆಯಾಯಿತು. ಕುತ್ತಿಗೆಯ ಗಂಟು ಬೆಳೆಯುತ್ತಿರುವುದು ಬೆರಳಿಗೇ ಗೊತ್ತಾಗುತ್ತಿತ್ತು. ಆ ಗುರುತು ಇಲ್ಲ ಎಂದು ಬಂದರೆ ಏನು ಎಂಬುದನ್ನು ಅವಳು ಯಾರ ಹತ್ತಿರವೂ ಆಡಲಿಲ್ಲ. ಸುಬ್ಬಮ್ಮ ಹಾಗಲ ಬೀಜದ ಗಂಟು ಹಿಡಿದು ಬಂದಾಗ, "ತಗಂಡು ಹೋಗು. ನಾನು ಹಾಳು ಮಾಡೋಳು," ಎಂದಳು.

"ಡಾಕ್ಟರ ಮೇಣ ಕರಗಿದ್ರೆ ನನ್ನ ಹಾಗಲ ಬೀಜ ಎಂತ ಮಾಡ್ತು ಮಾರಾಯ್ತಿ," ಎಂದು ಸುಬ್ಬಮ್ಮ ತಾನೇ ಅಟ್ಟಕ್ಕೆ ಕೈ ಚಾಚಿ ಇಟ್ಟು ಹೋದಳು. ಸೂಜಿಯ ಮಾತನ್ನು ಅವಳೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ಗೆಳೆತನ ಉಳಿಯುವುದು ಹೀಗೆ.

ಒಂದು ಮಧ್ಯಾಹ್ನ ಅರ್ಪಿತಾ ಹೇಳದೆ ಕೇಳದೆ ಬಂದಿಳಿದಳು. ಡಾಕ್ಟರು ಅವಳಿಗೆ ಫೋನ್ ಮಾಡಿದ್ದರು. ಅವಳು ಮನೆಗೆ ಮಾಡಿದರೆ ಸಿಗ್ನಲ್ ಇಲ್ಲ. ಶಾಲೆಗೆ ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿದ್ದಳು. ಅಂಗಳದಲ್ಲಿ ಕೊಡೆ ಮಡಚುತ್ತಾ ನಿಂತವಳ ಮುಖ ನೋಡಿ ಗಿರಿಯಮ್ಮನಿಗೆ ಏನೂ ತಿಳಿಯಲಿಲ್ಲ.

"ಅದೆ ಅಂತೆ ಅಮ್ಮ," ಎಂದಳು ಅರ್ಪಿತಾ. "ಗುರುತು ಅದೆ. ಬೇಕಾದ್ದಕ್ಕಿಂತ ಜಾಸ್ತಿನೇ ಅದೆ ಅಂತೆ."

ಕ್ಯಾನ್ಸರಿನಲ್ಲಿ ಏನೋ ಒಂದು ಜಾಸ್ತಿ ಇದೆ ಎಂದು ಮೂವರೂ ಜಗಲಿಯಲ್ಲಿ ಕೂತು ಸಂತೋಷಪಟ್ಟರು. ನೋಡಿದವರು ಹುಚ್ಚು ಎನ್ನಬೇಕು. ಬೈರಪ್ಪ ಕಾಫಿ ಮಾಡಲು ಒಳಗೆ ಹೋದವನು ಸಕ್ಕರೆ ಹಾಕುವುದನ್ನು ಮರೆತು ತಂದ, ಮೂವರೂ ಅದನ್ನು ಹಾಗೆಯೇ ಕುಡಿದರು.

ಲ್ಯಾಬಿನವರು ಆ ಒಣಗಿದ ಚೂರನ್ನೂ ಬಿಡದೆ ಪರೀಕ್ಷೆ ಮಾಡಿದ್ದರಂತೆ. ಅದರಲ್ಲಿ ಗುರುತು ಬರಲಿಲ್ಲ. ಬೆಂಕಿ ಅದನ್ನು ಅಳಿಸಿತೋ, ಅಥವಾ ಎರಡು ವರ್ಷದ ಹಿಂದಿನ ಗಡ್ಡೆಯಲ್ಲಿ ನಿಜವಾಗಿಯೂ ಇರಲಿಲ್ಲವೋ, ಇನ್ನು ಯಾರಿಗೂ ಗೊತ್ತಾಗುವ ಹಾಗಿಲ್ಲ. ಕಾಯಿಲೆ ಜಾಗ ಬದಲಿಸುವಾಗ ಗುಣವನ್ನೂ ಬದಲಿಸುವುದುಂಟು, ಅದಕ್ಕೇ ಹೊಸದನ್ನು ನೋಡಬೇಕು ಎಂದು ನಾನು ಮೊದಲೇ ಹೇಳಿದ್ದು ಎಂದರು ಮಾಲತಿ ಡಾಕ್ಟರು. ಗಿರಿಯಮ್ಮ ಅದಕ್ಕೆ ಎದುರು ಮಾತಾಡಲಿಲ್ಲ.

ಔಷಧಿ ದುಬಾರಿಯದು. ಆಸ್ಪತ್ರೆಯ ಸಹಾಯ ನಿಧಿ, ಕಂಪನಿಯ ರಿಯಾಯಿತಿ ಎಂದು ಅರ್ಪಿತಾ ಓಡಾಡಿ ದಾರಿ ಮಾಡಿದಳು. ಬಾಟಲಿಯಲ್ಲಿ ನೀರಿನ ಹಾಗೆ ಕಾಣುವ ಮದ್ದು, ಕೈಯ ನರದೊಳಗೆ ತೊಟ್ಟಿಕ್ಕುತ್ತಿತ್ತು. ಕಾವಲು ಎದ್ದ ಮೇಲೆ ಮನೆಯವರನ್ನೂ ಒಮ್ಮೊಮ್ಮೆ ಕಚ್ಚುವುದುಂಟು, ಏನಾದರೂ ಆದರೆ ಮುಚ್ಚಿಡಬೇಡಿ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಕೆಲವು ಸುತ್ತು ಕಳೆದ ಮೇಲೆ ಗಿರಿಯಮ್ಮನಿಗೆ ವಿಪರೀತ ಸುಸ್ತು, ಮುಖ ಊದಿಕೊಂಡಿತು. ಅದೇ ದಿನ ಬೈರಪ್ಪನನ್ನು ರಸ್ತೆಯ ತಿರುವಿಗೆ, ಸಿಗ್ನಲ್ ಸಿಗುವಲ್ಲಿಗೆ ಓಡಿಸಿ ಫೋನ್ ಮಾಡಿಸಿದಳು. ಥೈರಾಯ್ಡು ಕುಗ್ಗಿತ್ತು. ಬೆಳಗಾದರೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಜೀವನಪೂರ್ತಿ ಎಂದರು. ಜೀವನಪೂರ್ತಿ ಎಂಬ ಮಾತು ಅವಳಿಗೆ ಬಹಳ ಇಷ್ಟವಾಯಿತು.

ಔಷಧಿ ನಾಟಿತೋ ಇಲ್ಲವೋ ಎಂದು ಸ್ಕ್ಯಾನ್ ಆಗದೆ ಹೇಳಲಾಗದು ಎಂದಿದ್ದರು ಡಾಕ್ಟರು. ಆದರೆ ಬೆರಳು ಸ್ಕ್ಯಾನಿಗೆ ಕಾಯುವುದಿಲ್ಲ. ದಿನಾ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಅವಳ ಕೈ ಕುತ್ತಿಗೆಗೆ ಹೋಗುತ್ತಿತ್ತು. ಒಂದು ದಿನ ಚಿಕ್ಕದಾಯಿತು ಅನಿಸುತ್ತಿತ್ತು, ಮರುದಿನ ಇಲ್ಲ, ಹಾಗೆಯೇ ಇದೆ ಅನಿಸುತ್ತಿತ್ತು. ಬರಬರುತ್ತಾ ಅವಳು ತನ್ನ ಬೆರಳನ್ನೇ ನಂಬದಾದಳು.

ಗದ್ದೆ ಕೊಯ್ಲು ಮುಗಿದ ಒಂದು ಬೆಳಿಗ್ಗೆ, ಹಾಸಿಗೆಯಲ್ಲಿ ಎದ್ದು ಕೂತು ಕುತ್ತಿಗೆ ಮುಟ್ಟಿಕೊಂಡವಳ ಕೈ ಅಲ್ಲೇ ನಿಂತಿತು. ಎಡಗಡೆ ಹುಡುಕಿದಳು. ಬಲಗಡೆಯೇನೋ ಎಂದು ಅಲ್ಲೂ ಹುಡುಕಿದಳು. ಮತ್ತೆ ಎಡಗಡೆಗೆ ಬಂದು, ಎಲುಬಿನ ಹಿಂದೆ ಒತ್ತಿ ನೋಡಿದಳು.

"ಹೋಯ್, ಇಲ್ಲಿ ಬನ್ನಿ."

ಬೈರಪ್ಪ ಹಲ್ಲುಪುಡಿಯ ಬಾಯಲ್ಲೇ ಓಡಿ ಬಂದ. ಅವಳು ಅವನ ಕೈ ಹಿಡಿದು ಕುತ್ತಿಗೆಯ ಬುಡಕ್ಕೆ ಇಟ್ಟಳು. ಆ ಗಂಟನ್ನು ಅವನು ಈವರೆಗೆ ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ, ಧೈರ್ಯವಾಗಿರಲಿಲ್ಲ.

"ಎಲ್ಲಿ ಅದೆ ಹೇಳಿ," ಎಂದಳು.

ಅವನು ಕಣ್ಣು ಮುಚ್ಚಿ, ನಿಧಾನ, ಎಲುಬಿನ ಈ ತುದಿಯಿಂದ ಆ ತುದಿಯವರೆಗೆ ಬೆರಳು ಆಡಿಸಿದ. "ಇಲ್ಲಿ ಎಂತೂ ಸಿಕ್ತಿಲ್ಲ ಕಣೇ."

"ಸಮಾ ನೋಡಿ."

"ನೋಡ್ದೆ. ಇಲ್ಲ."

"ಇನ್ನೊಂದ್ಸಲ."

ಅವನು ಇನ್ನೊಂದು ಸಲ ಹುಡುಕಿದ. ಸಿಗಲಿಲ್ಲ ಎಂದು ಗೊತ್ತಾದ ಮೇಲೂ ಅವನು ಕೈ ತೆಗೆಯಲಿಲ್ಲ, ತೆಗೆಯಿರಿ ಎಂದು ಅವಳೂ ಹೇಳಲಿಲ್ಲ.